ದೀಪವಿಲ್ಲದ ಇಗರ್ಜಿಗಳು

ಠಾಣೆ ಪಶ್ಚಿಮದಲ್ಲಿ ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ ಮಾಸುಂದಾ ಕೆರೆ ಸಿಗುತ್ತದೆ. ಊರವರ ಬಾಯಲ್ಲಿ ಅದು ತಲಾವ್ ಪಾಳಿ. ಕೆರೆಯ ಆಸುಪಾಸಿನಲ್ಲೇ ಒಂದು ಕಡೆ ಕೌಪಿನೇಶ್ವರನ ಗುಡಿ, ಇನ್ನೊಂದು ಕಡೆ ಪೋರ್ಚುಗೀಸರ ಕಾಲದ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚು. ಈ ಊರಿಗೆ ಬಂದ ಕನ್ನಡಿಗರಲ್ಲಿ ಕೆರೆಗೆ ಒಂದು ಸುತ್ತು ಹಾಕದವರು, ದಂಡೆಯಲ್ಲಿ ಪಾನಿಪೂರಿ ತಿನ್ನದವರು ಯಾರೂ ಇರಲಿಕ್ಕಿಲ್ಲ. ಗುಡಿಯೊಳಗೆ ಹೋಗಿ ಕೈಮುಗಿದವರೂ ಬಹಳ. ಚರ್ಚಿನ ಗೇಟು ದಾಟಿದವರು ಎಷ್ಟು ಮಂದಿ? ಕೇಳಿದರೆ ಬರುವ ಉತ್ತರ ಒಂದೇ: 'ಹೌದು, ಹಳೇ ಚರ್ಚು, ಹೆರಿಟೇಜ್.'

ಆ ಹೆರಿಟೇಜ್ ಎಂಬ ಪದದ ಬಗ್ಗೆಯೇ ನನ್ನ ತಕರಾರು. ಹಳೆಯ ಚರ್ಚೊಂದನ್ನು ಪಾರಂಪರಿಕ ಕಟ್ಟಡ ಎಂದು ಕರೆದು, ಸುತ್ತ ಬೇಲಿ ಹಾಕಿ, ನೀಲಿ ಬೋರ್ಡು ನೆಟ್ಟುಬಿಟ್ಟರೆ ಅದನ್ನು ಉಳಿಸಿದಂತಾಯಿತು ಎಂದು ನಾವು ತಿಳಿದಿದ್ದೇವೆ. ಕಲ್ಲು ಉಳಿಯುತ್ತದೆ, ನಿಜ. ಆದರೆ ಕಟ್ಟಿದವರು ಅದನ್ನು ಕಲ್ಲಿಗೋಸ್ಕರ ಕಟ್ಟಿರಲಿಲ್ಲ. ಅಲ್ಲಿ ಪ್ರಾರ್ಥನೆಗೆ ಜಾಗವೇ ಇಲ್ಲದಂತೆ ಮಾಡುವ ಸಂರಕ್ಷಣೆ ಅರ್ಧ ಸಂರಕ್ಷಣೆ.

ನಾನು ಕ್ರೈಸ್ತನಲ್ಲ. ಆದರೆ ಕಥೋಲಿಕರಿಗೆ ಇಗರ್ಜಿ ಎಂದರೆ ಏನು ಎಂಬುದು ಗುಡಿಗೆ ಹೋಗುವವರಿಗೆ ಅರ್ಥವಾಗದ ವಿಷಯವೇನಲ್ಲ. ಅವರಿಗೆ ಅದು ಬರೀ ಸಭಾಭವನವಲ್ಲ. ಹೊಸ ಚರ್ಚನ್ನು ಪ್ರತಿಷ್ಠಾಪಿಸುವಾಗ ಬಿಷಪರು ಬಲಿಪೀಠಕ್ಕೆ ಪವಿತ್ರ ತೈಲ ಹಚ್ಚುತ್ತಾರೆ. ಗೋಡೆಗಳಿಗೂ ಹನ್ನೆರಡು ಅಥವಾ ನಾಲ್ಕು ಕಡೆ ಹಚ್ಚುತ್ತಾರೆ. ಬಲಿಪೀಠದ ಕೆಳಗೆ ಸಂತರ ಅವಶೇಷ ಇಡುವ ಪದ್ಧತಿ ಬಹಳ ಹಳೆಯದು. ಅಷ್ಟಬಂಧ, ಪ್ರಾಣಪ್ರತಿಷ್ಠೆ ನೋಡಿದ ನಮಗೆ ಇದು ತೀರಾ ಅಪರಿಚಿತವೆನಿಸುವುದಿಲ್ಲ. ಆಮೇಲೆ ದೀಪ. ಯಾವುದೇ ಕಥೋಲಿಕ ಚರ್ಚಿನೊಳಗೆ ಹೋದರೂ ಒಂದು ಪುಟ್ಟ ದೀಪ, ಸಾಮಾನ್ಯವಾಗಿ ಕೆಂಪು ಗಾಜಿನೊಳಗಿನದು, ಉರಿಯುತ್ತಿರುವುದು ಕಾಣುತ್ತದೆ. ಪಕ್ಕದಲ್ಲಿ ಬಾಗಿಲಿರುವ ಚಿಕ್ಕ ಪೆಟ್ಟಿಗೆ. ಅದರಲ್ಲಿ ಪರಮಪ್ರಸಾದ ಇದೆ, ಅಂದರೆ ಕ್ರಿಸ್ತ ಇಲ್ಲೇ ಇದ್ದಾನೆ, ಎಂದು ಆ ದೀಪ ಹೇಳುತ್ತದೆ. ನಮ್ಮ ನಂದಾದೀಪದ ಹಾಗೆಯೇ ಅದು ಆರಬಾರದು. ಒಳಗೆ ಬಂದವರು ಮಂಡಿಯೂರುವುದು ಕಟ್ಟಡದ ಚೆಲುವಿಗಲ್ಲ, ಆ ದೀಪ ತೋರಿಸುವ ಪೆಟ್ಟಿಗೆಗೆ.

ಹಾಗಾದರೆ ದೀಪ ಆರಿದ ಮೇಲೆ? ಇದಕ್ಕೆ ಚರ್ಚಿನ ಕಾನೂನಿನಲ್ಲಿ ಉತ್ತರವಿದೆ. 1983ರ ಕ್ಯಾನನ್ ಸಂಹಿತೆಯ ಪ್ರಕಾರ ಪವಿತ್ರ ಸ್ಥಳದ ಬಹುಭಾಗ ನಾಶವಾದರೆ, ಅಥವಾ ಅದು ಶಾಶ್ವತವಾಗಿ ಲೌಕಿಕ ಬಳಕೆಗೆ ಹೋದರೆ, ಅದರ ಪ್ರತಿಷ್ಠೆ ಕಳೆದುಹೋಗುತ್ತದೆ. ದುರಸ್ತಿ ಸಾಧ್ಯವಿಲ್ಲದ ಚರ್ಚನ್ನು ಬಿಷಪರು ಲೌಕಿಕ ಬಳಕೆಗೆ ಬಿಟ್ಟುಕೊಡಬಹುದು. ಆದರೆ ಒಂದು ಷರತ್ತು: ಆ ಬಳಕೆ ಹೀನವಾಗಿರಬಾರದು. ಈ ಷರತ್ತು ನನಗೆ ಬಹಳ ಹಿಡಿಸಿತು. ಪಾವಿತ್ರ್ಯ ಹೋಯಿತು ಎಂದು ಕಾನೂನೇ ಹೇಳಿದ ಮೇಲೂ, ಹೋದ ಪಾವಿತ್ರ್ಯಕ್ಕೆ ಒಂದು ಮರ್ಯಾದೆ ಉಳಿಸಿಕೊಡುವ ಮಾತು ಅದು. ಕರಾವಳಿಯಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಮೊದಲು ಕಲಾಸಂಕೋಚ ಮಾಡಿ ದೇವರನ್ನು ಬಾಲಾಲಯಕ್ಕೆ ಕರೆದೊಯ್ಯುತ್ತಾರಲ್ಲ, ಆಮೇಲೂ ಯಾರೂ ಖಾಲಿ ಗರ್ಭಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ತಿರುಗಾಡುವುದಿಲ್ಲ.

ಠಾಣೆ-ಮುಂಬೈ ಸೀಮೆಯಲ್ಲಿ ಇಂಥ ದೀಪ ಆರಿದ ಇಗರ್ಜಿಗಳು ಹಲವು. ನಮ್ಮ ಕಸುಬಿನವರಿಗೆ ತೀರ ಹತ್ತಿರದ್ದು ಅಂಧೇರಿಯ ಸೀಪ್ಝ್ ಒಳಗಿದೆ. ಘೋಡ್‌ಬಂದರ್ ರಸ್ತೆಯಿಂದಲೋ ಡೊಂಬಿವಲಿಯಿಂದಲೋ ಅಲ್ಲಿಗೆ ದಿನಾ ಹೋಗಿಬರುವ ಕನ್ನಡದ ಸಾಫ್ಟ್‌ವೇರ್ ಹುಡುಗರು ಸಾಕಷ್ಟಿದ್ದಾರೆ. ಪಾಸ್ ತೋರಿಸಿ ಒಳಗೆ ಹೋದರೆ ಗಾಜಿನ ಕಟ್ಟಡಗಳು, ಆಭರಣದ ಕಾರ್ಖಾನೆಗಳು. ಅವುಗಳ ನಡುವೆ ಮರಗಳ ಮರೆಯಲ್ಲಿ ಮಾಡಿಲ್ಲದ ಒಂದು ಹಳೆಯ ಚರ್ಚು. ಅದೂ ಸ್ನಾನಿಕ ಯೋಹಾನನ ಹೆಸರಿನದೇ. 1579ರಲ್ಲಿ ಪೋರ್ಚುಗೀಸ್ ಜೆಸ್ವಿತರು ಕಟ್ಟಿದ್ದು. ಆಗ ಅದು ಕೊಂಡಿವಿಟಾ ಎಂಬ ಹಳ್ಳಿ. 1840ರಲ್ಲಿ ಸಾಂಕ್ರಾಮಿಕ ರೋಗ ಬಂದು ಜನ ಊರು ಬಿಟ್ಟರು, ಧರ್ಮಕೇಂದ್ರ ಹತ್ತಿರದ ಮರೋಳಕ್ಕೆ ಹೋಯಿತು. ಅಲ್ಲಿಗೆ ಇಲ್ಲಿನ ದೀಪ ಆರಿತು. 1973ರಲ್ಲಿ ರಫ್ತಿಗೆಂದೇ ಎಲೆಕ್ಟ್ರಾನಿಕ್ಸ್ ವಲಯ ಬಂದಾಗ ಚರ್ಚು ಬೇಲಿಯೊಳಗೆ ಸೇರಿಹೋಯಿತು.

ವಿಶೇಷ ಇರುವುದು ಮುಂದೆ. ಸುತ್ತಲಿನ ಈಸ್ಟ್ ಇಂಡಿಯನ್ ಕ್ರೈಸ್ತರು ಆ ಜಾಗವನ್ನು ಮರೆಯಲಿಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಆ ಬೋಳು ಗೋಡೆಗಳ ನಡುವೆ ಬಲಿಪೂಜೆ ನಡೆಸುತ್ತಾರೆ. ಈಸ್ಟ್ ಇಂಡಿಯನ್ ಎಂದರೆ ಪೂರ್ವ ಭಾರತದವರಲ್ಲ, ಅದೊಂದು ತಮಾಷೆ. ಇವರು ಇಲ್ಲಿನ ಮೂಲದವರೇ, ಮನೆಯಲ್ಲಿ ಮರಾಠಿಯ ಒಂದು ಉಪಭಾಷೆ ಆಡುವವರು. ಗೋವಾದಿಂದ, ಮಂಗಳೂರಿನಿಂದ ಬಂದ ಕ್ರೈಸ್ತರಿಂದ ತಾವು ಬೇರೆ, ಈ ನೆಲದವರು ಎಂದು ತೋರಿಸಿಕೊಳ್ಳಲು 1887ರಲ್ಲಿ ಕಂಪನಿ ಸರ್ಕಾರದ ಹೆಸರನ್ನು ತಮಗೆ ಇಟ್ಟುಕೊಂಡರು. ಅವರ ಅಜ್ಜ-ಮುತ್ತಜ್ಜಂದಿರಿಗೆ ದೀಕ್ಷಾಸ್ನಾನ ಆದದ್ದು, ಮದುವೆಯಾದದ್ದು, ಅವರನ್ನು ಹೂತದ್ದು ಇಂಥ ಇಗರ್ಜಿಗಳಲ್ಲಿ. ಕಾನೂನಿನ ಲೆಕ್ಕದಲ್ಲಿ ಅಲ್ಲೀಗ ಪಾವಿತ್ರ್ಯ ಇಲ್ಲದೇ ಇರಬಹುದು. ಅವರ ಲೆಕ್ಕ ಬೇರೆ.

ಅಲ್ಲಿ ಕೆಲಸ ಮಾಡುವ ನಮ್ಮಲ್ಲಿ ಹೆಚ್ಚಿನವರಿಗೆ ಅದು ಊಟದ ನಂತರ ಸಿಗರೇಟು ಸೇದಲು ನೆರಳಿರುವ ಜಾಗ, ಅಷ್ಟೇ. ಭೂತದ ಕತೆಗಳೂ ಹುಟ್ಟಿಕೊಂಡಿವೆ. ಪ್ರಾರ್ಥನೆ ನಿಂತ ಜಾಗಕ್ಕೆ ನಮ್ಮ ಜನ ಮೊದಲು ತರುವುದು ಭೂತವನ್ನು.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಪರಕೀಯರು ಕಟ್ಟಿದ್ದು, ಅದೂ ಬಲವಂತದ ಮೇಲೆ; ಉಳಿದರೆಷ್ಟು ಬಿಟ್ಟರೆಷ್ಟು? ಇದನ್ನು ಕೇಳುವವರ ಮಾತು ಪೂರ್ತಿ ಸುಳ್ಳಲ್ಲ. ಠಾಣೆಯಿಂದ ರಾಷ್ಟ್ರೀಯ ಉದ್ಯಾನದ ಕಾಡಿನ ಆ ಬದಿಗೆ, ಬೋರಿವಲಿಯಲ್ಲಿ ಮಂಡಪೇಶ್ವರ ಗುಹೆಗಳಿವೆ. ಬಂಡೆ ಕೊರೆದು ಮಾಡಿದ ಶಿವಾಲಯ. 16ನೇ ಶತಮಾನದ ಮಧ್ಯದಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಆಂತೋನಿಯೊ ದೊ ಪೋರ್ತೊ ಅದನ್ನು ಚರ್ಚು ಮಾಡಿದ, ಮೇಲೆ ಮಠ ಕಟ್ಟಿಸಿದ. ಹಳೆಯ ಶಿಲ್ಪ ಇದ್ದ ಗೋಡೆಯಲ್ಲಿ ಕೆತ್ತಿದ ದೊಡ್ಡ ಶಿಲುಬೆ ಈಗಲೂ ಇದೆ. ಇಂದು ಒಳಗೆ ಮತ್ತೆ ಶಿವಲಿಂಗಕ್ಕೆ ಪೂಜೆ, ಮೇಲೆ ಮಠದ ಪಾಳುಗೋಡೆ. ಇದನ್ನು ಮುಚ್ಚಿಟ್ಟು ಚರ್ಚುಗಳ ಆಧ್ಯಾತ್ಮದ ಬಗ್ಗೆ ಮಾತನಾಡುವುದು ಪ್ರಾಮಾಣಿಕತೆಯಲ್ಲ.

ಆದರೆ 'ಪರಕೀಯ' ಎಂಬ ಮಾತು ಠಾಣೆಯಲ್ಲಿ ನಿಲ್ಲುವುದಿಲ್ಲ. ವಾಸ್ಕೋ ಡ ಗಾಮ ಬಂದದ್ದು 1498ರಲ್ಲಿ. ಅದಕ್ಕಿಂತ ಸುಮಾರು 180 ವರ್ಷ ಮೊದಲು, 1321ರಲ್ಲಿ, ಇದೇ ಠಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ನರು ಕೊಲೆಯಾದರು: ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ಜಾರ್ಜಿಯಾ ಸೀಮೆಯ ದಿಮೆತ್ರಿಯಸ್. ಅವರು ಇಳಿದುಕೊಂಡಿದ್ದು ಊರಿನ ಒಂದು ಸಿರಿಯನ್ ಕ್ರೈಸ್ತರ ಮನೆಯಲ್ಲಿ. ಅಂದರೆ ಆಗಲೇ ಇಲ್ಲಿ ಕ್ರೈಸ್ತರ ಮನೆಗಳಿದ್ದವು. ಮುಂದೆ ಓದೊರಿಕ್ ಎಂಬ ಯಾತ್ರಿಕ ಅವರ ಎಲುಬುಗಳನ್ನು ಹಡಗಿನಲ್ಲಿ ಚೀನಾಕ್ಕೆ ಒಯ್ದ. ಅದಕ್ಕೂ ಮೊದಲು ಈ ಸ್ಥಾನಕ ಪಟ್ಟಣವನ್ನು ಆಳಿದವರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದ ಶಿಲಾಹಾರರು. ಕಡಲ ದಡದ ಊರಿನಲ್ಲಿ ಯಾರು ಮೂಲ, ಯಾರು ವಲಸೆ ಎಂದು ವಿಂಗಡಿಸಲು ಹೊರಟರೆ ನಾವೇ ಮೊದಲು ಸಾಮಾನು ಕಟ್ಟಬೇಕಾಗುತ್ತದೆ. ವಸಾಯಿಯ ಪಾದ್ರಿ ಫ್ರಾನ್ಸಿಸ್ ದಿಬ್ರಿಟೊ ಮರಾಠಿಗೆ ಬೈಬಲ್ ಕೊಟ್ಟರು, 2020ರಲ್ಲಿ ಉಸ್ಮಾನಾಬಾದಿನ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರನ್ನು ಪರಕೀಯ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನು ಗಂಟೆಗಳ ಕತೆ. 1739ರಲ್ಲಿ ಚಿಮಾಜಿ ಅಪ್ಪ ವಸಾಯಿ ಕೋಟೆ ಗೆದ್ದಾಗ ಮರಾಠಾ ಸರದಾರರು ಚರ್ಚುಗಳ ಗಂಟೆಗಳನ್ನು ಗೆಲುವಿನ ಗುರುತಾಗಿ ಒಯ್ದರು. ನಾಸಿಕದ ನಾರೋಶಂಕರ ದೇವಾಲಯದ ಗಂಟೆ ಅಲ್ಲಿಯದು. ಭೀಮಾಶಂಕರ ಜ್ಯೋತಿರ್ಲಿಂಗದ ಎದುರಿನದೂ ಅಲ್ಲಿಯದೇ. ವಾಯಿ ಬಳಿಯ ಮೇಣವಲಿಯಲ್ಲಿ, ನಾನಾ ಫಡ್ನವೀಸರ ವಾಡೆಯ ಹಿಂದೆ ಕೃಷ್ಣಾ ನದಿಯ ಘಾಟಿನಲ್ಲಿ ತೂಗುವ ಗಂಟೆಯ ಮೇಲೆ 1707 ಎಂಬ ಇಸವಿ ಇದೆ, ಮರಿಯಮ್ಮ ಮತ್ತು ಬಾಲಯೇಸುವಿನ ಉಬ್ಬುಚಿತ್ರ ಇದೆ. ಸುಲಿಗೆ ಎಂದರೆ ಸುಲಿಗೆಯೇ. ಆದರೂ ಒಂದು ಮಾತು ಗಮನಿಸಿ: ಗೆದ್ದವರು ಅವನ್ನು ಕರಗಿಸಿ ತೋಪು ಮಾಡಲಿಲ್ಲ, ದೇವರ ಮುಂದೆ ಕಟ್ಟಿದರು, ಮೇಲಿದ್ದ ತಾಯಿ-ಮಗುವನ್ನು ಅಳಿಸಲೂ ಇಲ್ಲ. ಭೀಮಾಶಂಕರಕ್ಕೆ ಹೋಗುವ ನಮ್ಮ ಕನ್ನಡಿಗ ಭಕ್ತರು ಪೂರ್ವಾಪರ ಗೊತ್ತಿಲ್ಲದೆ ಆ ಇಗರ್ಜಿಯ ಗಂಟೆಗೇ ಕೈಮುಗಿದು ಬರುತ್ತಾರೆ.

ಗಂಟೆ ಹೋದ ವಸಾಯಿ ಕೋಟೆಯಲ್ಲಿ ಈಗ ಏನಿದೆ? ಗೋಪುರಗಳು, ಕಮಾನುಗಳು, ಹುಲ್ಲು. ಫ್ರಾನ್ಸಿಸ್ಕನ್ನರ ಚರ್ಚಿನ ನೆಲದ ತುಂಬ ಗೋರಿಕಲ್ಲುಗಳು, ಅವುಗಳ ಮೇಲೆ ಪೋರ್ಚುಗೀಸ್ ಅಕ್ಷರಗಳಲ್ಲಿ ಸತ್ತವರ ಹೆಸರು. ವಾರಾಂತ್ಯದಲ್ಲಿ ಹೋಗಿ ನೋಡಿ. ಆ ಹೆಸರುಗಳ ಮೇಲೆ ಟ್ರೈಪಾಡ್ ನಿಂತಿರುತ್ತದೆ. ಮದುವೆಗೆ ಮುಂಚಿನ ಫೋಟೊಶೂಟು, ಹೊಗೆ ಬಾಂಬು, ಬಾಡಿಗೆಯ ಉದ್ದ ಗೌನು. 2016ರಲ್ಲಿ ಕೋಲ್ಡ್‌ಪ್ಲೇ ತಂಡದ ವಿಡಿಯೊದಲ್ಲಿ ಕೋಟೆ ಕಾಣಿಸಿಕೊಂಡ ಮೇಲಂತೂ ಹೇಳುವುದೇ ಬೇಡ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಬೋರ್ಡಿದೆ. ಆದರೆ ಸಮಾಧಿಯ ಮೇಲೆ ಕಾಲಿಡಬೇಡಿ ಎಂದು ಹೇಳುವವರು ಕಾಣುವುದಿಲ್ಲ. ಅದೇ ಕೋಟೆಯಲ್ಲಿ ಗೊನ್ಸಾಲೊ ಗಾರ್ಸಿಯಾನ ಹೆಸರಿನ ಚರ್ಚಿದೆ. ವಸಾಯಿಯಲ್ಲಿ ಹುಟ್ಟಿ, 1597ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಶಿಲುಬೆಗೇರಿ ಸತ್ತು, 1862ರಲ್ಲಿ ಸಂತನಾದವನು. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲ ಸಂತ. ಅವನ ಹಬ್ಬಕ್ಕೆ ಜನ ಅಲ್ಲಿ ಸೇರುತ್ತಾರೆ. ಆ ಒಂದು ಚರ್ಚಿನ ಬಳಿ ಫೋಟೊದವರ ದನಿ ತಾನಾಗಿಯೇ ತಗ್ಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಯಾವ ಬೋರ್ಡೂ ಮಾಡದ ಕೆಲಸವನ್ನು ಪೂಜೆ ನಡೆಯುವ ಜಾಗ ತಾನೇ ಮಾಡಿಕೊಳ್ಳುತ್ತದೆ.

ಪುರಾತತ್ವ ಇಲಾಖೆಯ ಸಾಮಾನ್ಯ ನೀತಿ ಗೊತ್ತಿರುವುದೇ: ರಕ್ಷಣೆಗೆ ತೆಗೆದುಕೊಂಡಾಗ ಪೂಜೆ ನಡೆಯುತ್ತಿದ್ದರೆ ಮುಂದುವರಿಯಲಿ, ಇಲ್ಲದಿದ್ದರೆ ಹೊಸದಾಗಿ ಬೇಡ. ಇದರ ಹಿಂದೆ ವಿವೇಕವಿದೆ. ಒಂದು ಕಡೆ ಬಾಗಿಲು ತೆರೆದರೆ ನೂರು ಕಡೆ ಜಗಳ ಎಂಬ ಭಯ ನಮ್ಮ ದೇಶದಲ್ಲಿ ಕಾಲ್ಪನಿಕವಲ್ಲ. ಹಾಗಾಗಿ ಎಲ್ಲ ಪಾಳುಗುಡಿ, ಪಾಳುಮಸೀದಿ, ಪಾಳುಚರ್ಚುಗಳಲ್ಲೂ ಪೂಜೆ ಶುರುವಾಗಲಿ ಎಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರ ಹಕ್ಕಿನ ತಕರಾರು ಇಲ್ಲದ ಕಡೆ, ಆ ಜಾಗದಿಂದ ಎದ್ದುಹೋದವರ ಮಕ್ಕಳು-ಮೊಮ್ಮಕ್ಕಳು ಇನ್ನೂ ಸುತ್ತಮುತ್ತ ಇರುವ ಕಡೆ, ವರ್ಷದಲ್ಲಿ ಗೊತ್ತಾದ ಕೆಲವು ದಿನ ಪ್ರಾರ್ಥನೆಗೆ ಅವಕಾಶವಿರಲಿ. ಮಂಡಪೇಶ್ವರದಲ್ಲಿ ರಕ್ಷಣೆಯೂ ಪೂಜೆಯೂ ಒಟ್ಟಿಗೇ ನಡೆಯುತ್ತಿವೆಯಲ್ಲ, ಕಲ್ಲೇನೂ ಕರಗಿಲ್ಲ.

ಆಕ್ಷೇಪ ಒಳಗಿನಿಂದಲೂ ಬರುತ್ತದೆ. ಬೆಳ್ತಂಗಡಿ ಕಡೆಯ ಕಥೋಲಿಕ ಸಹೋದ್ಯೋಗಿಯೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. 'ನೀವು ಕಟ್ಟಡ ಹಿಡ್ಕೊಂಡು ಕೂತಿದ್ದೀರಿ ಮಾರಾಯ್ರೆ, ಇಗರ್ಜಿ ಅಂದ್ರೆ ಜನ. ಮೂಲ ಗ್ರೀಕ್ ಶಬ್ದದ ಅರ್ಥವೇ ಸಭೆ. ನಮ್ಮ ಊರಿನ ಹಳೇ ಇಗರ್ಜಿಯಲ್ಲಿ ಹಬ್ಬಕ್ಕೆ ಅರ್ಧ ಜನ ಹೊರಗೆ ಬಿಸಿಲಲ್ಲಿ ನಿಲ್ತಿದ್ರು. ಕೆಡವಿ ದೊಡ್ಡದು ಕಟ್ಟಿದ್ದು ಒಳ್ಳೇದೇ ಆಯ್ತು.' ಸ್ಥಾವರ ಮತ್ತು ಜಂಗಮದ ಚರ್ಚೆ ಕೇಳಿ ಬೆಳೆದ ನನ್ನಂಥವನಿಗೆ ಇದಕ್ಕೆ ಎದುರಾಡುವುದು ಕಷ್ಟ. ಕೊಂಡಿವಿಟಾದ ಜನ ಮರೋಳಕ್ಕೆ ಹೋಗಿ ಧರ್ಮ ಉಳಿಸಿಕೊಂಡದ್ದೂ ಹಾಗೆಯೇ. ಕೆನರಾದ ಕ್ರೈಸ್ತರನ್ನು 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಮಂಗಳೂರಿನ ಮಿಲಾಗ್ರಿಸ್ ಸೇರಿ ಅವರ ಚರ್ಚುಗಳು ನೆಲಸಮವಾದವು. ಕಟ್ಟಡವೇ ಧರ್ಮವಾಗಿದ್ದರೆ ಅದು ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಸೆರೆಯಿಂದ ಮರಳಿದವರು ಮಾಡಿದ್ದೇನು? ಮಿಲಾಗ್ರಿಸ್ ಅನ್ನು ಮತ್ತೆ ಕಟ್ಟಿದರು, ಅದೇ ಹೆಸರಿನಲ್ಲಿ. ಕಾರ್ಕಳದ ಅತ್ತೂರಿನ ಐತಿಹ್ಯ ಕೇಳಿ: ಸಂತ ಲಾರೆನ್ಸರ ಮರದ ಪ್ರತಿಮೆಯನ್ನು ಹೊತ್ತು ಬಂದವರು ಒಂದು ಗುಡ್ಡದ ಬುಡದಲ್ಲಿ ದಣಿವಾರಿಸಿಕೊಳ್ಳಲು ಇಳಿಸಿದರಂತೆ, ಮತ್ತೆ ಎತ್ತಲು ಹೋದರೆ ಅದು ಕದಲಲಿಲ್ಲವಂತೆ. ಅಲ್ಲೇ ಇಗರ್ಜಿಯಾಯಿತು. ನಮ್ಮ ಎಷ್ಟು ಗುಡಿಗಳ ಸ್ಥಳಪುರಾಣ ಇದೇ ಅಲ್ಲವೇ? 2016ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು. ಜನವರಿಯ ಸಾಂತ್‌ಮಾರಿಗೆ ಜಾತಿ-ಮತ ನೋಡದೆ ಜನ ಹೋಗಿ ಮೊಂಬತ್ತಿ ಹಚ್ಚುತ್ತಾರೆ. ಠಾಣೆ, ಡೊಂಬಿವಲಿಯ ತುಳು-ಕನ್ನಡದ ಹೋಟೆಲಿನವರಲ್ಲಿ ಆ ವಾರ ರಜೆ ಹಾಕಿ ಊರಿಗೆ ಹೋಗುವವರಿದ್ದಾರೆ, ಅವರೆಲ್ಲ ಕ್ರೈಸ್ತರಲ್ಲ. ಇಗರ್ಜಿ ಎಂದರೆ ಜನ, ಒಪ್ಪಿದೆ. ಆದರೆ ಜನಕ್ಕೆ ಹಿಂದಿರುಗಲು ಒಂದು ಜಾಗ ಬೇಕು. ವಲಸೆ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹಾಸನದವನು, ಹಾಗಾಗಿ ಶೆಟ್ಟಿಹಳ್ಳಿಯ ಮಾತು ಬಿಡಲಾರೆ. ಅಲ್ಲಿನ ರೋಸರಿ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಮುಗಿಯಿತು, ಹಿನ್ನೀರು ಊರನ್ನು ನುಂಗಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬಯಲಾಗುವ ಆ ಕಮಾನುಗಳ ಚಿತ್ರ ನೋಡದ ಕನ್ನಡಿಗ ಇಲ್ಲ. ಮುಂಬೈಯ ಟ್ರಾವೆಲ್ ಗ್ರೂಪುಗಳಲ್ಲೂ 'ತೇಲುವ ಚರ್ಚು' ಎಂದು ಓಡಾಡುತ್ತದೆ. ಕನ್ನಂಬಾಡಿ ಕಟ್ಟೆಯ ನೀರಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು, ಪೂಜೆ ಶುರುವಾಯಿತು. ನಾಡಿಗೆ ನೀರು ಕೊಡಲೆಂದು ಊರು ಬಿಟ್ಟುಕೊಟ್ಟ ಶೆಟ್ಟಿಹಳ್ಳಿಯ ಚರ್ಚಿಗೆ ಸಿಕ್ಕಿದ್ದು ಡ್ರೋನು. ಬಲಿಪೀಠ ಇದ್ದ ಕಡೆ ಹತ್ತಿ ನಿಂತು ತೆಗೆಸಿಕೊಂಡ ಫೋಟೊಗಳು ನನ್ನ ಫೋನಿಗೇ ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಗೋಡೆಗಳ ಮೇಲೆ ಪ್ರೇಮಿಗಳ ಹೆಸರು ಬೇರೆ.

ಅದನ್ನು ಕೀಳಿ ಬೇರೆಡೆ ಕಟ್ಟುವುದು ಆಗದ ಮಾತು; ಅದು ಇಟ್ಟಿಗೆ-ಗಾರೆಯ ಕಟ್ಟಡ, ಕಲ್ಲಿನ ಗುಡಿಯ ಹಾಗೆ ಬಿಚ್ಚಲಾಗುವುದಿಲ್ಲ. ಗೋಡೆಗೆ ಊರೆ ಕೊಡುವುದು ಆಗುತ್ತದೆ. ಹತ್ತುವುದನ್ನು, ಕೆತ್ತುವುದನ್ನು ತಡೆಯಲು ಒಬ್ಬ ಕಾವಲಿನವನನ್ನು ಇಡುವುದು ಆಗುತ್ತದೆ. ಅದಕ್ಕಿಂತ ಮೊದಲು, ಅಲ್ಲಿಂದ ಎದ್ದುಹೋದ ಕುಟುಂಬಗಳನ್ನು ಜಿಲ್ಲಾಡಳಿತವೇ ಕರೆದು, ಏಪ್ರಿಲ್-ಮೇನಲ್ಲಿ ನೀರು ತಳ ಮುಟ್ಟಿದಾಗ ಒಂದು ದಿನ ಬಲಿಪೂಜೆಗೆ ಶಾಮಿಯಾನ ಹಾಕಿಸಿ, ಕುಡಿಯುವ ನೀರು ಇಟ್ಟು, ಅವತ್ತು ಡ್ರೋನಿಗೆ ಪರವಾನಗಿ ಇಲ್ಲ ಎಂದರೆ ಖರ್ಚೇನೂ ದೊಡ್ಡದಲ್ಲ. ಸೀಪ್ಝ್‌ನಂಥ ಬಂದೋಬಸ್ತಿನ ವಲಯದಲ್ಲೇ ವರ್ಷಕ್ಕೊಮ್ಮೆ ಗೇಟು ತೆರೆಯುತ್ತದೆ. ಹೇಮಾವತಿಯ ಹಿನ್ನೀರಿಗೆ ಗೇಟೇ ಇಲ್ಲ.